ಮೈಕಣ್ಣನ ಕಿವಿ

ಮೈಕ್ ಮಾರುವ ಮನುಷ್ಯನಿಗೇ ಕಿವಿ ಸರಿಯಾಗಿ ಕೇಳುವುದಿಲ್ಲ ಅಂತ ಊರಿಗೆ ಗೊತ್ತಾದರೆ ಅವನ ಅಂಗಡಿ ಎಷ್ಟು ದಿನ ನಡೆದೀತು? ಈ ಪ್ರಶ್ನೆಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ನಾನು ಏಳು ತಿಂಗಳು ಓಡಾಡಿದ್ದೇನೆ. ಸುಮ್ಮನಿರುವುದು ನನಗೆ ಬಾರದ ವಿದ್ಯೆ. ನಾನು ಕೆಲಸ ಮಾಡುವ ಗಿರಣಿಯಲ್ಲಿ ನನ್ನ ಬಾಯಿಗೆ ಹೆದರಿ ಮೇಸ್ತ್ರಿ ಕೂಡ ನನ್ನ ಟೇಬಲ್ಲು ಬಳಸಿಕೊಂಡು ಹೋಗುತ್ತಾನೆ. ಅಂಥವಳು ಏಳು ತಿಂಗಳು ತುಟಿ ಹೊಲಿದುಕೊಂಡು ಕೂತಿದ್ದೆ ಅಂದರೆ ಆ ಮನುಷ್ಯ ನನಗೆ ಎಷ್ಟು ಬೇಕಾದವರಾಗಿದ್ದರು ಅಂತ ನೀವೇ ತಿಳಿದುಕೊಳ್ಳಿ. ಹೋದ ತಿಂಗಳು ಅವರು ತೀರಿಕೊಂಡರು. ಅವರ ಬಗ್ಗೆ ಬರೆಯದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.

ಹೆಸರು ಬೇಡ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಕಡೆ ಅವರನ್ನು ಕರೆಯುತ್ತಿದ್ದದ್ದು ಮೈಕಣ್ಣ ಅಂತ. ಹುಟ್ಟಿದ್ದು ಕುರುಗೋಡು. ನಲವತ್ತು ವರ್ಷ ಮದುವೆಗೆ, ಸಭೆಗೆ, ಎಲೆಕ್ಷನ್ನಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟರು. ಮೈಕ್‌ಸೆಟ್ಟಿನ ಕಾಲ ಮುಗಿದ ಮೇಲೆ ಬಳ್ಳಾರಿಯ ಬೆಂಗಳೂರು ರೋಡಿನ ಹಿಂದಿನ ಸಂದಿಯಲ್ಲಿ, ಇಬ್ಬರು ನಿಂತರೆ ಮೂರನೆಯವರು ಹೊರಗೇ ಕಾಯಬೇಕಾದಷ್ಟು ಸಣ್ಣ ಅಂಗಡಿ ಇಟ್ಟರು. ವಿಡಿಯೋ ಮಾಡುವವರಿಗೆ ಬೇಕಾದ ಸಾಮಾನು ಅಲ್ಲಿ ಸಿಗುತ್ತಿತ್ತು. ಅಂಗಿ ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಟೆಸ್ಟರು. ಮಾತು ಮಾತ್ರ ಗಂಟಲು ಹರಿಯುವಷ್ಟು ಜೋರು. ಮೈಕ್‌ಸೆಟ್ಟಿನವರಲ್ಲವೇ, ಅದೇ ರೂಢಿ ಅಂತ ನಾವೆಲ್ಲ ತಿಳಿದುಕೊಂಡಿದ್ದೆವು.

ನಾನು ಸಿರುಗುಪ್ಪದವಳು. ವಾರಕ್ಕೆ ಆರು ದಿನ ಅಕ್ಕಿ ಗಿರಣಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತೇನೆ. ಏಳನೆಯ ದಿನ ಸ್ಕೂಟಿ ಹತ್ತಿ ಸುತ್ತಮುತ್ತಲ ಊರು ತಿರುಗಿ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುತ್ತೇನೆ. ಮೊದಲನೆಯದು ದೇಶನೂರಿನ ಭತ್ತದ ಗದ್ದೆಗಳದ್ದು. ಬದುವಿನ ಮೇಲೆ ನಡೆಯುತ್ತ ಬರಿಗೈಯಲ್ಲಿ ಫೋನ್ ಹಿಡಿದು ತೆಗೆದಿದ್ದೆ. ಕೆಳಗೆ ಯಾರೋ ಬರೆದಿದ್ದರು: 'ಅಕ್ಕಾ, ನೋಡಿ ವಾಂತಿ ಬಂದಂಗಾತು. ನಿಮ್ಮ ಮಾತು ಒಂದೂ ತಿಳೀಲಿಲ್ಲ, ಪಂಪ್‌ಸೆಟ್ಟಿನ ಮಾತು ಪೂರಾ ತಿಳೀತು.' ಮೈ ಉರಿದುಹೋಯಿತು. ಆ ಸಿಟ್ಟಿನಲ್ಲೇ ಬಳ್ಳಾರಿ ಬಸ್ಸು ಹತ್ತಿದೆ. ಫೋನ್ ಅಲುಗಾಡದ ಹಾಗೆ ಹಿಡಿಯುವ ಗಿಂಬಲ್ ಒಂದು, ಬಟ್ಟೆಗೆ ಸಿಕ್ಕಿಸಿಕೊಳ್ಳುವ ವೈರ್‌ಲೆಸ್ ಮೈಕ್ ಒಂದು ಬೇಕಾಗಿತ್ತು. ಎರಡೂ ಹಗುರ ಇರಬೇಕು, ಹೆಗಲ ಚೀಲದಲ್ಲಿ ಹಿಡಿಸಬೇಕು.

"ಭಾಳ ಹಗುರಂದು ಯಾವುದೈತ್ರಿ ಅಣ್ಣಾರ?" ಅಂತ ಕೇಳಿದೆ. ಅವರು ಉತ್ತರ ಕೊಡದೆ ಒಂದು ಗಿಂಬಲ್ಲಿಗೆ ನನ್ನದೇ ಫೋನ್ ಸಿಕ್ಕಿಸಿ ಕೈಗಿತ್ತರು.

"ತೋಳು ಚಾಚು. ಹಂಗ ಹಿಡಕೊಂಡಿರು."

ಆಮೇಲೆ ಗಿಂಬಲ್ಲಿನ ಸುದ್ದಿಯನ್ನೇ ಬಿಟ್ಟು ನಮ್ಮ ಮನೆ ಎಲ್ಲಿ, ಗಂಡ ಏನು ಮಾಡುತ್ತಾನೆ, ಈ ಸಲ ಗಿರಣಿಗೆ ಭತ್ತ ಹೆಂಗ ಬಂದೈತಿ ಅಂತ ಒಂದೊಂದಾಗಿ ಕೇಳತೊಡಗಿದರು. ಸ್ವಲ್ಪ ಹೊತ್ತಿಗೆ ನನ್ನ ಮೊಣಕೈ ಇಳಿಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಮಣಿಕಟ್ಟು ನಡುಗಿತು.

"ಈಗ ಹೇಳು, ಹಗುರ ಐತೇನು?"

"ಎಲ್ಲೀದ್ರಿ! ಕೈ ಬಿದ್ದುಹೋತು."

"ಅಂಗಡ್ಯಾಗ ಎಲ್ಲಾ ಹಗುರನ ಇರ್ತಾವು ಯವ್ವಾ. ಕುರುಗೋಡು ಗುಡ್ಡ ಅರ್ಧ ಹತ್ತಿದಾಗ ತೂಕ ತಿಳೀತೈತಿ."

ಹಾಗೆ ಮೂರು ಗಿಂಬಲ್ ಹಿಡಿಸಿದರು. ನಾನು ಅಲ್ಲಿ ನೋಡಿ ಆಸೆಪಟ್ಟ ದೊಡ್ಡದನ್ನು ಅವರೇ ಒಳಗಿಟ್ಟರು. ಕೊಡೆಯ ಹಾಗೆ ಮಡಚುವ ಸಣ್ಣದೊಂದು ನನ್ನ ತೋಳಿಗೆ ಒಪ್ಪಿತು. ಫೋನಿನ ದಪ್ಪ ಕವರ್ ತೆಗೆಯಬೇಕು, ಮೊದಲು ಕೈಯಿಂದ ಸಮತೂಕ ಮಾಡಿ ಆಮೇಲೆ ಸ್ವಿಚ್ ಒತ್ತಬೇಕು ಅಂತ ತೋರಿಸಿ, "ಇಲ್ಲಂದ್ರ ಮೋಟರು ನಿನ್ನಂಗ ಬಿಸಿ ಆಗ್ತೈತಿ ನೋಡು" ಅಂದರು. ನಾನು ಒಳಗೆ ಕಾಲಿಟ್ಟು ಇನ್ನೂ ಅರ್ಧ ತಾಸಾಗಿರಲಿಲ್ಲ, ನನ್ನ ಗುಣ ಹಿಡಿದುಬಿಟ್ಟಿದ್ದರು! ನಡೆಯುವುದನ್ನೂ ಅವರೇ ಕಲಿಸಿದರು. ಸಂದಿಯ ಆ ತುದಿಯಿಂದ ಈ ತುದಿಗೆ ನಾಲ್ಕು ಸಲ. "ತಲಿ ಮ್ಯಾಲೆ ತುಂಬಿದ ಕೊಡ ಐತಿ ಅನಕೋ. ಮಣಕಾಲು ಸ್ವಲ್ಪ ಬಗ್ಗಿಸು. ನಿನ್ನ ಕಾಲು ಕುಣಿದ್ರ ಗಿಂಬಲ್ ಏನು ಮಾಡೀತು?" ಸಂದಿಯ ಜನ ನೋಡಿ ನಗುತ್ತಿದ್ದರು, ನಾಚಿಕೆಯಿಂದ ಸತ್ತುಹೋದೆ. ಆದರೆ ಇವತ್ತಿಗೂ ನನ್ನ ವಿಡಿಯೋ ಅಲುಗಾಡುವುದಿಲ್ಲ.

ಮೈಕ್ ಆರಿಸುವಾಗ ಅವರದು ಬೇರೆ ರೀತಿ. ಹೆಡ್‌ಫೋನನ್ನು ತಾವು ಹಾಕಿಕೊಳ್ಳುತ್ತಿರಲಿಲ್ಲ. ಕರವಸ್ತ್ರದಿಂದ ಒರೆಸಿ ಗಿರಾಕಿಯ ಕಿವಿಗೆ ಇಡುತ್ತಿದ್ದರು, ಮೈಕನ್ನು ತಮ್ಮ ಅಂಗಿಗೆ ಸಿಕ್ಕಿಸಿಕೊಂಡು ಮಾತಾಡುತ್ತಾ ಸಂದಿಯ ಆಚೆವರೆಗೆ ಹೋಗಿ ಬರುತ್ತಿದ್ದರು. ಬಂದು ಎದುರು ನಿಂತು ಗಿರಾಕಿಯ ಮುಖವನ್ನೇ ದಿಟ್ಟಿಸುತ್ತಿದ್ದರು. ಆಲೂರು, ಆದೋನಿ ಕಡೆಯವರಿಗೆ "ಬಾಗುಂದಾ?", ಸಾಬರಿಗೆ "ಅಚ್ಛಾ ಹೈ?", ನಮಗೆ "ಚಲೋ ಐತಾ?" ಮೂರು ಭಾಷೆಯಲ್ಲಿ ಅದೇ ಒಂದು ಪ್ರಶ್ನೆ. ಮುಖ ನೋಡಿಯೇ ಮೈಕ್ ಆರಿಸುತ್ತಾರೆ ಅಂತ ಅದೊಂದು ದೊಡ್ಡ ಹೆಸರಾಗಿತ್ತು ಅವರಿಗೆ. ಯಾರಾದರೂ ಮೈಕಿಗೆ ಉಫ್ ಅಂತ ಊದಿದರೆ ಮಾತ್ರ ಕೆಂಡವಾಗುತ್ತಿದ್ದರು. "ಅದೇನು ಬಿಸಿ ಚಾ ಏನು, ಊದಾಕ?"

ನನ್ನ ಕಿವಿಗೂ ಹೆಡ್‌ಫೋನ್ ಇಟ್ಟರು. ಅವರ ದನಿ ದುಂಡಗೆ ಕೇಳಿತು. ಆದರೆ ಅದರ ಅಡಿಯಲ್ಲಿ ತೆಳ್ಳಗೆ ಸ್ಸ್ ಅಂತ ಒಂದು ಸದ್ದು ಬಿಡದೆ ಹರಿಯುತ್ತಿತ್ತು. ಕೇಳಿತು, ಖರೆಯಾಗಿ ಕೇಳಿತು. ಅವರು ನನ್ನ ಮುಖ ನೋಡುತ್ತಾ ನಿಂತಿದ್ದರು. "ಚಲೋ ಐತಾ?"

ನಲವತ್ತು ವರ್ಷ ಮೈಕಿನ ಜೊತೆ ಬಾಳಿದವರ ಎದುರು ನಾನೇನು ಹೇಳಲಿ? ಹಿರಿಯರು ಆರಿಸಿಕೊಟ್ಟದ್ದಕ್ಕೆ ಹೆಸರಿಡಬಾರದು ಅಂತ ಮನೆಯಲ್ಲಿ ಹೇಳಿಕೊಟ್ಟದ್ದು ದರಿದ್ರ ಆ ಹೊತ್ತಿಗೇ ನೆನಪಾಗಬೇಕೇ! ಮುಖ ಅರಳಿಸಿಕೊಂಡು, "ಭಾಳ ಚಲೋ ಐತ್ರಿ ಅಣ್ಣಾರ" ಅಂದೆ. ಅವರು ತೃಪ್ತಿಯಿಂದ ಡಬ್ಬಿಗೆ ಹಾಕಿಕೊಟ್ಟರು.

ಮುಂದಿನ ಐತವಾರ ಸಿರುಗುಪ್ಪದ ಹೊಳೆ ದಂಡೆಯಲ್ಲಿ ವಿಡಿಯೋ ಮಾಡಿ ಹಾಕಿದೆ. 'ಅಕ್ಕಾ, ನಿಮ್ಮ ಹಿಂದ ಹಾವು ಬುಸ್ ಅನ್ನಾಕತ್ತೈತಿ, ಹುಷಾರು' ಅಂತ ಕಾಮೆಂಟು. ಮೂರು ದಿನ ತಡೆದೆ. ನಾಲ್ಕನೆಯ ದಿನ ಗಿರಣಿಗೆ ರಜೆ ಹಾಕಿ ಜಗಳಕ್ಕೇ ಅಂತ ಬಳ್ಳಾರಿಗೆ ಹೋದೆ. ಅವರು ಅವತ್ತು ಮೊದಲ ಸಲ ಹೆಡ್‌ಫೋನನ್ನು ತಮ್ಮ ಕಿವಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಕೇಳಿದರು.

"ಏನೂ ಇಲ್ಲವ್ವಾ. ಹಾಲಿನಂಗ ಐತಿ."

ನನಗೆ ನೆತ್ತಿಗೇರಿತು. ಅದಕ್ಕೆ ಸರಿಯಾಗಿ ಟೇಬಲ್ಲಿನ ಕೆಳಗೆ ಕಂಪ್ಯೂಟರಿನ ಯುಪಿಎಸ್ಸು ಬ್ಯಾಟರಿ ಹೋಗಿ ಕುಂಯ್ ಕುಂಯ್ ಅಂತ ಒಂದೇ ಸಮ ಕೂಗುತ್ತಿತ್ತು. "ಮೊದಲು ಇದರ ಬಾಯಿ ಮುಚ್ಚಿಸ್ರಿ, ತಲಿ ಚಿಟ್ ಹಿಡಿಸ್ತೈತಿ" ಅಂದೆ.

"ಯಾವುದರದು?"

"ಕಾಲ ಬುಡಕ ಇಟಗೊಂಡು ಯಾವುದರದು ಅಂತೀರಲ್ಲ!"

ಅವರು ಬಗ್ಗಿ ನೋಡಿದರು. ಕೆಂಪು ದೀಪ ಮಿನುಗುತ್ತಿತ್ತು. ಕೈ ಚಾಚಿ ಸ್ವಿಚ್ ಆರಿಸಿದರು, ಸದ್ದು ನಿಂತಿತು. ಎದ್ದಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ! ನನಗೆ ತಿಳಿಯಿತು ಅಂತ ಅವರಿಗೂ ತಿಳಿಯಿತು. ಸಂದಿಯಲ್ಲಿ ಯಾರೋ ಹಾದುಹೋದರು. ಆ ಮನುಷ್ಯ ದೂರ ಹೋದ ಮೇಲೆ ಮೈಕಣ್ಣ ನನ್ನ ಕಡೆ ಬಗ್ಗಿದರು.

"ಯಾರ ಮುಂದಾದ್ರೂ ಹೇಳ್ತೀಯೇನು?" ಆ ಜೋರು ಗಂಟಲಿನ ಮನುಷ್ಯ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಇಲ್ರಿ."

ಆಮೇಲೆ ಬಿಡಿಸಿ ಹೇಳಿದರು. ವರ್ಷಾನುಗಟ್ಟಲೆ ಮೈಕ್‌ಸೆಟ್ಟಿನ ಹಾರ್ನಿನ ಬಾಯಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತದ್ದರ ಫಲ. ದಪ್ಪ ದನಿ ಕೇಳುತ್ತದೆ, ಮಾತು ಕೇಳುತ್ತದೆ, ತೆಳ್ಳನೆಯ ಸಪ್ಪಳ ಮಾತ್ರ ಒಂದೊಂದಾಗಿ ಕಿವಿ ಬಿಟ್ಟು ಹೋಗಿವೆ. ಡಾಕ್ಟರು ಕಿವಿಗೆ ಮಶೀನು ಹಾಕಿಕೊಳ್ಳಿ ಅಂದಿದ್ದಾರೆ. "ಮೈಕ್ ಮಾರಾಂವ ಕಿವ್ಯಾಗ ಮಶೀನ್ ಹಾಕ್ಕೊಂಡು ಕುಂತ್ರ ಯಾರು ಬರ್ತಾರ? ಅದಕ ಗಿರಾಕಿ ಮುಖ ನೋಡೋದು ಕಲ್ತೆ. ಕೆಟ್ಟ ಸಪ್ಪಳ ಬಂದ್ರ ಹುಬ್ಬು ಕುಣೀತಾವು. ಮುಖ ಸುಳ್ಳು ಹೇಳಂಗಿಲ್ಲ ಅಂತ ನಂಬಿದ್ದೆ." ನನ್ನ ಕಡೆ ತಿರುಗಿ ಅಂದರು, "ನಿನ್ನ ಮುಖ ಸುಳ್ಳು ಹೇಳಿತು ನೋಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಗೌರವ ಕೊಡುತ್ತೇನೆ ಅಂದುಕೊಂಡು ಒಬ್ಬ ಕುರುಡನಿಗೆ ತಪ್ಪು ದಾರಿ ತೋರಿಸಿ ಬಂದ ಹಾಗಾಗಿತ್ತು ನನ್ನ ಕೆಲಸ. ಆಮೇಲೆ ತಿಳಿಯಿತು, ನಾನೊಬ್ಬಳೇ ಅಲ್ಲ, ಅದೇ ಮೈಕನ್ನು ಇನ್ನೂ ಆರು ಜನ ಕೊಂಡಿದ್ದರು, ಆರೂ ಜನ ಮೈಕಣ್ಣನ ಮರ್ಯಾದೆಗೆ ಅಂತ ತಲೆ ಆಡಿಸಿ ಹೋಗಿದ್ದರು.

ಅಂದಿನಿಂದ ನಾನು ಅವರ ಕಿವಿಯಾದೆ. ಐತವಾರ ವಿಡಿಯೋ ಮುಗಿಸಿ ಬಳ್ಳಾರಿಗೆ ಹೋಗುವುದು, ಹೊಸದಾಗಿ ಬಂದ ಮೈಕುಗಳನ್ನು ಕೇಳಿ ಒಳ್ಳೆಯದು, ಕೆಟ್ಟದ್ದು ಬೇರೆ ಮಾಡಿಡುವುದು. ಅವರು ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸುತ್ತಿದ್ದರು. ನನ್ನ ಮೈಕನ್ನು ಬದಲಿಸಿಕೊಟ್ಟರು. ಆ ಜಾತಿಯ ಮೈಕ್ ಮಾರುವುದನ್ನು ನಿಲ್ಲಿಸಿದರು. "ಮೊದಲ ಮಾರಿದ್ದು ಆರು ಅದಾವಲ್ರಿ?" ಅಂತ ಒಂದು ದಿನ ಕೇಳಿದೆ. ಅವರು ಟೆಸ್ಟರಿನ ತುದಿ ಒರೆಸಿದರು. "ಕರೆಸಿದ್ರ ಯಾಕಂತ ಕೇಳ್ತಾರ." ನಾನೂ ಮುಂದೆ ಕೇಳಲಿಲ್ಲ. ಅವರ ತಪ್ಪು, ನನ್ನ ತಪ್ಪು ಎರಡೂ ಅಲ್ಲಿಗೆ ಗಂಟುಬಿದ್ದವು.

ವಿಡಿಯೋ ಮಾಡುವ ನಮ್ಮದೊಂದು ವಾಟ್ಸಾಪ್ ಗುಂಪು ಇತ್ತು. ಅದರಲ್ಲಿ ತೆಕ್ಕಲಕೋಟೆಯವನೊಬ್ಬ ಇದ್ದ. ಬುಲೆಟ್ ಮೇಲೆ ಊರೂರು ತಿರುಗುವವನು, ನಾಲಿಗೆ ನನ್ನದಕ್ಕಿಂತ ಹರಿತ. ಸ್ಸ್ ಅಂತ ಸಿಳ್ಳು ಬರುವ ಆ ಆರು ಮೈಕುಗಳಲ್ಲಿ ಒಂದು ಅವನ ಪಾಲಿಗೆ ಹೋಗಿತ್ತು. ಅವನು ಬಾಯಿಬಿಟ್ಟು ದೂರಲಿಲ್ಲ. ಬದಲಿಗೆ ಗುಂಪಿನಲ್ಲಿ ಹಾಕಿದ: 'ಐತವಾರ ಎಲ್ಲರೂ ಕುರುಗೋಡಿಗೆ ಬರ್ರಿ. ಐದು ಮೈಕ್ ಇಡ್ತೀವಿ, ಮೇಲೆ ಅರಿವಿ ಮುಚ್ಚಿರ್ತೈತಿ. ಮೈಕಣ್ಣ ಕಿವಿಗೆ ಹಾಕ್ಕೊಂಡು ಕೇಳಿ ಯಾವುದು ಚಲೋ, ಯಾವುದು ಕೆಟ್ಟದ್ದು ಅಂತ ಹೇಳಬೇಕು.' ಎಲ್ಲರೂ ಕೈ ಮುಗಿಯುವ ಚಿತ್ರ, ಬೆಂಕಿಯ ಚಿತ್ರ ಹಾಕಿ ಕುಣಿದರು. ನಾನು ನೆಟ್ಟಗೆ ಮೈಕಣ್ಣನ ಅಂಗಡಿಗೆ ಓಡಿದೆ.

"ಜ್ವರ ಬಂದೈತಿ ಅಂತ ಹೇಳ್ರಿ" ಅಂದೆ.

"ಹೋಗದಿದ್ರ ಅವತ್ತ ಗೊತ್ತಾಗ್ತೈತಿ. ಹೋದ್ರ ಆಮೇಲೆ ಗೊತ್ತಾದೀತು" ಅಂತ ನಕ್ಕರು. ಕೊನೆಗೆ ಇಬ್ಬರೂ ಸೇರಿ ಒಂದು ಕಳ್ಳ ಉಪಾಯ ಮಾಡಿದೆವು. ಐದೂ ಮೈಕುಗಳನ್ನು ಗುಂಪಿನವರು ಮೊದಲು ಕೇಳುತ್ತಾರೆ, ಅವರಲ್ಲಿ ನಾನೂ ಒಬ್ಬಳು. ಆಮೇಲೆ ಮೈಕಣ್ಣನ ಸರದಿ. ನಾನು ಎದುರಿಗೆ ಕೂತಿರುತ್ತೇನೆ. ಮೈಕ್ ಒಳ್ಳೆಯದಾದರೆ ಎಡಗೈ ಮಂಡಿಯ ಮೇಲೆ, ಕೆಟ್ಟದ್ದಾದರೆ ಬಲಗೈ.

ದೊಡ್ಡ ಬಸವಣ್ಣನ ಗುಡಿಯ ಹೊರಗೆ ಕಲ್ಲುಕಟ್ಟೆಯ ಮೇಲೆ ಬೆಳಿಗ್ಗೆ ಹತ್ತು ಗಂಟೆಗೆ ಸೇರಿದೆವು. ಹದಿನಾರು ಜನ. ಬಿಸಿಲು ಚುರುಗುಟ್ಟುತ್ತಿತ್ತು, ಗಾಳಿಯೂ ಜೋರು. ಅರಿವೆ ಮುಚ್ಚಿದ ಐದು ಮೈಕು, ಎದುರಿಗೆ ಒಂದೊಂದು ಚೀಟಿ, ಚೀಟಿಯ ಮೇಲೆ ನಂಬರು. ನಾವೆಲ್ಲ ಸರದಿಯ ಮೇಲೆ ಕೇಳಿ ನಮ್ಮ ನಮ್ಮ ಉತ್ತರ ಬರೆದುಕೊಂಡೆವು. ನಾಲ್ಕನೆಯದು ಕಿವಿಗೆ ಬಿದ್ದ ಕೂಡಲೇ ನನ್ನ ಬೆನ್ನಿನ ಮೇಲೆ ಬೆವರು ಇಳಿಯಿತು. ಅದೇ ಸಿಳ್ಳು. ಅರಿವೆಯ ಕೆಳಗಿದ್ದದ್ದು ಅವರು ಆರು ಜನರಿಗೆ ಮಾರಿದ ಅದೇ ಮೈಕು. ಚಲೋ ಅಂದರೆ ಅವರಿಗೆ ಕಿವಿ ಇಲ್ಲ ಅಂತ ತಿಳಿಯುತ್ತದೆ. ಕೆಟ್ಟದ್ದು ಅಂದರೆ ಗೊತ್ತಿದ್ದೂ ಮಾರಿದ ಮೋಸಗಾರ ಅನ್ನಿಸಿಕೊಳ್ಳುತ್ತಾರೆ. ಆ ತೆಕ್ಕಲಕೋಟೆಯವನು ಎರಡೂ ಕಡೆ ಬಾಗಿಲು ಹಾಕಿ ಕೂತಿದ್ದ.

ಮೈಕಣ್ಣ ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಹೆಡ್‌ಫೋನ್ ಹಾಕಿಕೊಂಡರು. ಮೊದಲನೆಯದು: ನನ್ನ ಎಡಗೈ. "ಚಲೋ ಐತಿ." ಎರಡನೆಯದು: ಬಲಗೈ. "ಗಾಳಿ ತಡಿಯಂಗಿಲ್ಲ ಇದು, ಬ್ಯಾಡ." ಮೂರನೆಯದು: ಎಡಗೈ. "ಇದೂ ಚಲೋ ಐತಿ." ಸುತ್ತ ಕೂತವರು ತಮ್ಮ ಚೀಟಿ ನೋಡಿಕೊಂಡು, "ಮೂರೂ ಬರೋಬ್ಬರಿ! ಏನು ಕಿವಿಲೇ ಮುದುಕಂದು" ಅಂತ ಪಿಸುಗುಟ್ಟಿದರು.

ನಾಲ್ಕನೆಯದು. ಅವರು ನನ್ನ ಕಡೆ ನೋಡಿದರು. ನನ್ನ ಎರಡೂ ಕೈ ಮಡಿಲಲ್ಲೇ ಸತ್ತುಬಿದ್ದಿದ್ದವು. ಎಡಗೈ ಎತ್ತಿದರೆ ಮತ್ತೆ ಅದೇ ಸುಳ್ಳು, ಬಲಗೈ ಎತ್ತಿದರೆ ಅವರ ಕುತ್ತಿಗೆಗೆ ನಾನೇ ಕೈ ಹಾಕಿದ ಹಾಗೆ. ಅವರು ಕಾಯುತ್ತಿದ್ದರು. ಹುಬ್ಬಿನ ಮೇಲೆ ಬೆವರು ನಿಂತಿತ್ತು, ಒರೆಸಿಕೊಳ್ಳಲಿಲ್ಲ. "ಏನ್ರಿ ಅಣ್ಣ, ಇದಕ ಇಷ್ಟೊತ್ತು?" ಅಂದ ತೆಕ್ಕಲಕೋಟೆಯವನು.

ಬಲಗೈ ಮಂಡಿಯ ಮೇಲಿಟ್ಟೆ.

"ಕೆಟ್ಟದ್ದು" ಅಂದರು ಮೈಕಣ್ಣ. "ಸಿಳ್ಳು ಬರ್ತೈತಿ." ತಮಗೆ ಕೇಳದ ಕೆಟ್ಟ ಸಪ್ಪಳ ಅದೇ ಅಂತ ಊಹಿಸಿರಬೇಕು.

ಅವನು ಅರಿವೆ ಎಳೆದ. "ಹಂಗಾರ ಇದನ್ನ ನನಗ್ಯಾಕ ಮಾರಿದ್ರಿ?"

ಅದೇ ಮೈಕ್ ಕೊಂಡಿದ್ದ ಉಳಿದವರು ತಮ್ಮ ಚೀಲ ಮುಟ್ಟಿಕೊಂಡರು. ನನ್ನ ಬಾಯಿ ತಡೆಯಲಿಲ್ಲ, ಎದ್ದು ನಿಂತು, "ಏ, ಕಂಪನಿ ಲಾಟೇ ಕೆಟ್ಟು ಬಂದಿತ್ತಪ್ಪಾ, ಅವರಿಗೇನು ಗೊತ್ತು" ಅಂತ ಶುರುಮಾಡಿದೆ. ಅವರು ಕೈಯೆತ್ತಿ ನನ್ನನ್ನು ತಡೆದರು. ಹೆಡ್‌ಫೋನ್ ತೆಗೆದು ಕಟ್ಟೆಯ ಮೇಲಿಟ್ಟರು.

"ನನಗ ಆ ಸಿಳ್ಳು ಕೇಳಂಗಿಲ್ಲಪ್ಪಾ. ಮಾರಿದಾಗೂ ಕೇಳಿದ್ದಿಲ್ಲ, ಈಗೂ ಕೇಳಲಿಲ್ಲ. ಮೂರು ವರ್ಷಾತು ಕಿವಿ ಹೋಗಿ. ಈ ಹೊತ್ತು ಹೇಳಿದ ಉತ್ತರ ಎಲ್ಲಾ ಈಕಿವು. ಇಬ್ಬರೂ ಕೂಡಿ ನಿಮ್ಮನ್ನ ಮೋಸ ಮಾಡಾಕ ಬಂದಿದ್ವಿ. ಕೆಟ್ಟದ್ದು ಅಂತ ಗೊತ್ತಾದ ಮ್ಯಾಲೂ ನಿಮ್ಮನ್ನ ಕರೀಲಿಲ್ಲ, ಅದು ನನ್ನ ತಪ್ಪು, ಈಕಿದಲ್ಲ. ಆರೂ ಹೊಳ್ಳಿ ತರ್ರಿ, ಬದಲಿ ಕೊಡ್ತೀನಿ. ಇನ್ನ ಮ್ಯಾಲೆ ಮೈಕ್ ಬೇಕಂದ್ರ ನನ್ನ ಅಂಗಡಿಗೆ ಬರಬ್ಯಾಡ್ರಿ."

ಗೆದ್ದವನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ತೆಕ್ಕಲಕೋಟೆಯವನೇ ಹೋಗಿ ನೀರು ತಂದುಕೊಟ್ಟ.

ಮೈಕಣ್ಣನನ್ನು ಬಳ್ಳಾರಿಗೆ ಬಿಡಲು ಹೋಗುವಾಗ ಬಸ್ಸಿನಲ್ಲಿ ಅವರ ಪಕ್ಕ ಕೂತು ಬಾಯಿಗೆ ಬಂದಂತೆ ಬೈದೆ. ಯಾಕೆ ಹೇಳಿದಿರಿ, ನಾನು ಸಂಭಾಳಿಸುತ್ತಿದ್ದೆ, ಐತವಾರ ತಪ್ಪದೆ ಬರುತ್ತಿದ್ದೆನಲ್ಲ, ಇನ್ನು ಅಂಗಡಿ ಗತಿ ಏನು? ಬಸ್ಸಿನ ಗದ್ದಲದಲ್ಲಿ ಎಷ್ಟು ಕೇಳಿಸಿತೋ, ನನ್ನ ತುಟಿಯನ್ನೇ ನೋಡುತ್ತಿದ್ದರು. ನಾನು ಸುಮ್ಮನಾದ ಮೇಲೆ ಅಂದರು, "ನಿನ್ನ ಕೈ ಮಡಿಲಾಗ ಸತ್ತುಬಿದ್ದಿದ್ದು ನೋಡಿದೆ ಯವ್ವಾ. ನನ್ನ ಅಂಗಡಿ ಸಲುವಾಗಿ ನಿನಗ್ಯಾಕ ಆ ಸಂಕಟ?" ನಾನು ಕಿಟಕಿ ಕಡೆ ತಿರುಗಿ ಅತ್ತೆ. ಅವರಿಗೆ ಕೇಳಿಸಿರಲಾರದು.

ಮೈಕಿನ ವ್ಯಾಪಾರ ಅಂದಿಗೇ ಮುಗಿಯಿತು. ಅಂಗಡಿ ಮಾತ್ರ ನಡೆಯಿತು, ಮೊದಲಿನಷ್ಟಲ್ಲ, ಆದರೂ ನಡೆಯಿತು. ಕಿವಿಗೆ ಮಶೀನು ಹಾಕಿಕೊಂಡು ರಾಜಾರೋಷವಾಗಿ ಕೂತು ಗಿಂಬಲ್ ಮಾರಿದರು. ಬಂದವರ ತೋಳು ಚಾಚಿಸಿ ಮಾತಿಗೆಳೆಯುವುದು, ಸಂದಿಯಲ್ಲಿ ನಡೆಸುವುದು ಎಲ್ಲಾ ಹಾಗೇ ಇತ್ತು. ಒಂದೂವರೆ ವರ್ಷ ಹಾಗೆ ಕಳೆಯಿತು. ಹೋದ ತಿಂಗಳು ಎದೆನೋವು ಬಂತು, ಆಸ್ಪತ್ರೆಗೆ ಹೋಗುವಷ್ಟು ಹೊತ್ತೂ ಕೊಡಲಿಲ್ಲ. ಮಣ್ಣಿಗೆ ನಾವು ಹದಿನಾರೂ ಜನ ಹೋಗಿದ್ದೆವು.

ಮೊನ್ನೆ ಐತವಾರ ನಮ್ಮ ಮನೆಯ ಬಾಗಿಲಿಗೆ ಒಬ್ಬ ಟೀಚರಮ್ಮ ಬಂದರು. ರಜೆಯಲ್ಲಿ ಊರೂರು ತಿರುಗಿ ಶಾಲೆ ಮಕ್ಕಳಿಗೆ ತೋರಿಸಲು ವಿಡಿಯೋ ಮಾಡಬೇಕು ಅಂತ ಅವರ ಆಸೆ. ಎರಡು ತಿಂಗಳ ಹಿಂದೆ ಮೈಕಣ್ಣನ ಹತ್ತಿರ ಗಿಂಬಲ್ ಕೊಂಡಿದ್ದರಂತೆ, ಮೈಕ್ ಕೇಳಿದಾಗ ಇಲ್ಲ ಅಂದು ಒಂದು ಚೀಟಿ ಬರೆದುಕೊಟ್ಟು ಕಳಿಸಿದರಂತೆ. ಅವರು ತೀರಿಕೊಂಡದ್ದು ಈಕೆಗೆ ತಿಳಿದಿರಲಿಲ್ಲ. ಪರ್ಸಿನಿಂದ ಚೀಟಿ ತೆಗೆದು ನನ್ನ ಕೈಗಿಟ್ಟರು. ಮೇಲೆ ನನ್ನ ಹೆಸರು, ಫೋನ್ ನಂಬರು. ಕೆಳಗೆ ಎಡಕ್ಕೆ ವಾಲಿದ ಅವರ ಅಕ್ಷರ:

"ಮೈಕ್ ಆರಿಸೋದು ಈಕಿಗೆ ಬಿಡ್ರಿ. ಒಮ್ಮೆ ನನ್ನ ಮುಂದ ಸುಳ್ಳು ಹೇಳ್ಯಾಳ. ಇನ್ನ ಸಾಯೋತನಕ ಹೇಳಂಗಿಲ್ಲ."